ಪೆನ್ಸಿಲ್ಲಿನಲ್ಲಿ ಬರೆದ ನಂಬರಿಗೆ ಇಷ್ಟು ಬೆಲೆ ಯಾಕೆ?

ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ, ಎಡ ಮೂಲೆಗೆ, ಪೆನ್ಸಿಲ್ಲಿನಲ್ಲಿ 45/150 ಎಂದು ಬರೆದಿರುತ್ತದೆ. ಬಲ ಮೂಲೆಗೆ ಕಲಾವಿದನ ಸಹಿ. ಒಟ್ಟು 150 ಪ್ರತಿ ಅಚ್ಚು ಹಾಕಿದ್ದೇವೆ, ಇದು ಅದರಲ್ಲಿ 45ನೆಯದು, ಮುಂದೆ ಇನ್ನು ಹಾಕುವುದಿಲ್ಲ ಎಂದು ಅದರ ಅರ್ಥ. ಇದಕ್ಕೆ ಲಿಮಿಟೆಡ್ ಎಡಿಷನ್ ಪ್ರಿಂಟ್ ಅನ್ನುತ್ತಾರೆ. ಲಂಡನ್, ನ್ಯೂಯಾರ್ಕ್ ಕಡೆ ಇಂಥ ಕಾಗದಗಳನ್ನು ಹುಡುಕಿ ಹುಡುಕಿ ಕೂಡಿಡುವ ಜನ ಬಹಳ. ಕೆಲವು ಸಾವಿರ ರೂಪಾಯಿಗೆ ಕೊಂಡ ಕಾಗದ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕೋಟಿ ದಾಟಿದ್ದೂ ಇದೆ.

ಹಳ್ಳಿಯಲ್ಲಿ ಕೂತು ಓದುವ ನಮಗೆ ಇದ್ಯಾಕೆ ಎಂದು ಕೇಳಬಹುದು. ಕಾರಣ ಇದೆ. ಟ್ರ್ಯಾಕ್ಟರ್ ಚಿತ್ರ ಇರುವ ಹಳೇ 5 ರೂಪಾಯಿ ನೋಟು ಇದೆಯೇ, 786 ನಂಬರಿನ ನೋಟು ಇದೆಯೇ, ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಮೆಸೇಜು ನಿಮ್ಮ ಫೋನಿಗೂ ಬಂದಿರುತ್ತದೆ. ಮಾತು ಮುಂದುವರಿದರೆ ಮೊದಲು ರಿಜಿಸ್ಟ್ರೇಷನ್ ಫೀಸು ಕೇಳುತ್ತಾರೆ, ಆಮೇಲೆ ಟ್ಯಾಕ್ಸು ಅನ್ನುತ್ತಾರೆ, ಕೊನೆಗೆ ಫೋನ್ ಸ್ವಿಚ್ ಆಫ್. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯವಹಾರ ಮಾಡುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿತ್ತು. ಆದರೂ ನಮ್ಮ ತಾಲ್ಲೂಕಿನಲ್ಲಿ ಇಂಥ ದೂರು ಇವತ್ತಿಗೂ ಕಿವಿಗೆ ಬೀಳುತ್ತಲೇ ಇರುತ್ತದೆ. ಹೋದ ದುಡ್ಡು ಸಣ್ಣದಾದರೆ ಯಾರೂ ಸ್ಟೇಷನ್ ಮೆಟ್ಟಿಲು ಹತ್ತುವುದಿಲ್ಲ, ನಾವೂ ಸುದ್ದಿ ಮಾಡಲಾಗುವುದಿಲ್ಲ.

ಈ ಮೋಸ ನಡೆಯುವುದು ಒಂದು ಅರ್ಧ ಸತ್ಯದ ಮೇಲೆ: ಅಪರೂಪದ ವಸ್ತುವಿಗೆ ಬೆಲೆ ಇದೆ. ಉಳಿದರ್ಧ ಏನು ಎಂದು ನೋಡಬೇಕಾದರೆ ಈ ಪ್ರಿಂಟ್‌ಗಳ ಲೋಕದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಲ್ಲಿ ಮಾರಾಟವಾಗುತ್ತಿರುವುದು ಚಿತ್ರಕ್ಕಿಂತ ಹೆಚ್ಚಾಗಿ ಒಂದು ಕೊಟ್ಟ ಮಾತು. ಆ ಮಾತನ್ನು ಕೊಟ್ಟವರು ಯಾರು, ಉಳಿಸಿಕೊಂಡರೋ ಇಲ್ಲವೋ ಎಂದು ನೋಡದೆ ಬರೀ ನಂಬರಿಗೆ ದುಡ್ಡು ಸುರಿಯುವವರು, ಲಂಡನ್ನಿನವರಾದರೂ ಅಷ್ಟೇ, ನಮ್ಮೂರಿನವರಾದರೂ ಅಷ್ಟೇ.

ಮೊದಲು ಈ ಕಾಗದ ಹೇಗೆ ತಯಾರಾಗುತ್ತದೆ ನೋಡಿ. ನಿಮಗೆ ಗೊತ್ತಿರುವ ಕೆಲಸವೇ. ತಾಲ್ಲೂಕು ಪೇಟೆಯ ಸಂದಿಯಲ್ಲಿ ಮದುವೆ ಕಾರ್ಡು, ಬಟ್ಟೆ ಚೀಲ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇರುತ್ತದಲ್ಲ, ಅದೇ ವಿಧಾನ. ಮರದ ಫ್ರೇಮಿಗೆ ನವಿರಾದ ಬಲೆಬಟ್ಟೆ ಬಿಗಿದಿರುತ್ತಾರೆ. ಬಣ್ಣ ಇಳಿಯಬಾರದ ಕಡೆ ಬಟ್ಟೆಯ ಕಣ್ಣು ಮುಚ್ಚಿರುತ್ತಾರೆ. ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಲ್ಲಿ ಎಳೆದರೆ ತೆರೆದ ಕಣ್ಣುಗಳಿಂದ ಬಣ್ಣ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಫ್ರೇಮು. ಐದು ಬಣ್ಣದ ಚಿತ್ರ ಆದರೆ ಒಂದೊಂದು ಹಾಳೆಯೂ ಐದು ಸಲ ಕೆಳಗೆ ಹೋಗಿ ಬರಬೇಕು, ಪ್ರತಿ ಸಲ ಒಣಗಬೇಕು, ಒಂದು ಕೂದಲೆಳೆ ಸರಿದರೂ ಆ ಹಾಳೆ ಕೆಟ್ಟಿತು. ಆಂಡಿ ವಾರ್ಹೋಲ್ ಎಂಬ ಅಮೆರಿಕದ ಕಲಾವಿದ ಜಗತ್ಪ್ರಸಿದ್ಧನಾದದ್ದು ಇದೇ ಕೆಲಸದಿಂದ. ನಮ್ಮ ಕಡೆ ಈ ಕೆಲಸ ಬಲ್ಲವರು ಫ್ಲೆಕ್ಸ್ ಬಂದ ಮೇಲೆ ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು, ಅದು ಬೇರೆ ಕಥೆ.

ಪ್ರತಿಗಳಿಗೆ ಮಿತಿ ಯಾಕೆ ಬಂತು? ಹಿಂದೆ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಅದು ನಿಜವಾದ ಮಿತಿಯೇ ಆಗಿತ್ತು. ಹಾಕುತ್ತಾ ಹಾಕುತ್ತಾ ತಗಡು ಸವೆಯುತ್ತದೆ, ಗೆರೆ ಮಾಸುತ್ತದೆ. ಮೊದಲ ಪ್ರತಿಗಳು ಚುರುಕು, ಕೊನೆಯವು ಮಬ್ಬು. ಸ್ಕ್ರೀನ್ ಪ್ರಿಂಟಿನಲ್ಲಿ ಅಂಥ ಸವಕಳಿ ಲೆಕ್ಕಕ್ಕಿಲ್ಲ. 150 ಹಾಕಿದವನು 1,500 ಹಾಕಬಲ್ಲ, ಕೊನೆಯದೂ ಮೊದಲಿನಷ್ಟೇ ಚೆನ್ನಾಗಿರುತ್ತದೆ. ಅಂದರೆ ಮಿತಿಯನ್ನು ಹಾಕಿದ್ದು ತಗಡು ಅಲ್ಲ, ಮನುಷ್ಯ. 'ಸಾಕು, ಇಷ್ಟಕ್ಕೇ ನಿಲ್ಲಿಸುತ್ತೇನೆ' ಎಂದು ಅವನು ಹೇಳಿದ್ದರಿಂದ ಅದು ಅಪರೂಪ. ಇದನ್ನು ಬಲ್ಲವರೂ ಸಂಗ್ರಹದ ಆಸೆಗೆ ಬಿದ್ದ ಮೇಲೆ 1ನೇ ನಂಬರೇ ಬೇಕು ಎಂದು ಕಿತ್ತಾಡುತ್ತಾರೆ, ಫ್ಯಾನ್ಸಿ ನಂಬರಿಗಾಗಿ ಆರ್‌ಟಿಒ ಹರಾಜಿನಲ್ಲಿ ಕೂಗುವವರ ಹಾಗೆ. ಗಾಡಿ ಓಡುವುದು ಒಂದೇ ಥರ.

ವಾರ್ಹೋಲ್ 1962ರಲ್ಲಿ ಅಂಗಡಿಯಲ್ಲಿ ಸಿಗುವ ಸೂಪ್ ಡಬ್ಬಿಯ ಚಿತ್ರವನ್ನು 32 ಕ್ಯಾನ್ವಾಸ್ ಮೇಲೆ ಬರೆದು ಲಾಸ್ ಏಂಜಲಿಸ್‌ನ ಒಂದು ಗ್ಯಾಲರಿಯಲ್ಲಿ ಇಟ್ಟ. ಒಂದಕ್ಕೆ 100 ಡಾಲರ್. ಜನ ನಕ್ಕರು, ಬೆರಳೆಣಿಕೆಯಷ್ಟು ಹೋದವು. ಗ್ಯಾಲರಿಯ ಯಜಮಾನನೇ ಎಲ್ಲ ಒಟ್ಟಿಗೆ ಇರಲಿ ಎಂದು ಒಪ್ಪಿಕೊಂಡಿದ್ದವರಿಂದಲೂ ಬಿಡಿಸಿಕೊಂಡು, 32ನ್ನೂ ಸಾವಿರ ಡಾಲರಿಗೆ, ಅದೂ ಕಂತಿನ ಮೇಲೆ, ತಾನೇ ಇಟ್ಟುಕೊಂಡ. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಅವನ್ನು ಪಡೆದಾಗ ಬೆಲೆ ಸುಮಾರು 1.5 ಕೋಟಿ ಡಾಲರ್. 1967ರಲ್ಲಿ ವಾರ್ಹೋಲ್ ನಟಿ ಮರ್ಲಿನ್ ಮನ್ರೋ ಮುಖದ ಹತ್ತು ಸ್ಕ್ರೀನ್ ಪ್ರಿಂಟುಗಳ ಒಂದು ಕಟ್ಟು ಹೊರಡಿಸಿದ. ಅದು 250ಕ್ಕೆ ಸೀಮಿತ.

ಇಲ್ಲಿಂದ ಕಥೆ ಸ್ವಾರಸ್ಯ ಆಗುತ್ತದೆ. 1970ರ ಹೊತ್ತಿಗೆ 'ಸಂಡೇ ಬಿ. ಮಾರ್ನಿಂಗ್' ಎಂಬ ಹೆಸರಲ್ಲಿ ಯುರೋಪಿನಿಂದ ಅದೇ ಮರ್ಲಿನ್ ಪ್ರಿಂಟುಗಳು ಬರತೊಡಗಿದವು. ಮೊದಮೊದಲು ವಾರ್ಹೋಲನೇ ಅವರ ಜೊತೆ ಸೇರಿ ನೆಗೆಟಿವ್, ಬಣ್ಣದ ವಿವರ ಕೊಟ್ಟಿದ್ದನಂತೆ, ಆಮೇಲೆ ಅವನನ್ನು ಬಿಟ್ಟು ಅವರು ಹಾಕುತ್ತಲೇ ಹೋದರು. ಹಿಂದೆ ಒಂದು ಮುದ್ರೆ: ನಿಮ್ಮ ಸಹಿ ನೀವೇ ಹಾಕಿಕೊಳ್ಳಿ! ಅಂಥ ಪ್ರಿಂಟು ತಂದು ಮುಂದಿಟ್ಟವರಿಗೆ ವಾರ್ಹೋಲ್ ಕೆಲವೊಮ್ಮೆ 'ಇದು ನನ್ನದಲ್ಲ' ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿ ಕೊಟ್ಟದ್ದೂ ಉಂಟು. ಆ 'ನನ್ನದಲ್ಲ' ಎಂಬ ಸಹಿ ಇರುವ ಪ್ರತಿಗೆ ಈಗ ಸಹಿ ಇಲ್ಲದ್ದಕ್ಕಿಂತ ಹೆಚ್ಚು ಬೆಲೆ. ಬಣ್ಣ ಅದೇ, ಮುಖ ಅದೇ, ಅಳತೆ ಅದೇ. ಕಣ್ಣಿಗೆ ಕಾಣುವುದರಲ್ಲಿ ವ್ಯತ್ಯಾಸ ಹುಡುಕಬೇಕಾದರೆ ಭೂತಗನ್ನಡಿ ಬೇಕು. 250ಕ್ಕೇ ನಿಲ್ಲುತ್ತದೆ ಎಂದು ಮಾತು ಕೊಟ್ಟ ಕಟ್ಟಿಗೂ, ಎಷ್ಟು ಬೇಕಾದರೂ ಹಾಕುತ್ತೇವೆ ಎನ್ನುವ ಕಟ್ಟಿಗೂ ಬೆಲೆಯಲ್ಲಿ ಅಜಗಜಾಂತರ.

ವಾರ್ಹೋಲ್ ಶ್ರೀಮಂತರ ಮನೆಯ ಕಲಾವಿದ, ಅವನನ್ನು ಬಿಡೋಣ. ನಮಗೆ ಹೆಚ್ಚು ಕಾಡುವುದು ಬೀದಿಯಿಂದ ಬಂದವರ ವಿಷಯ.

ಕೀತ್ ಹೇರಿಂಗ್ ಎಂಬ ಹುಡುಗ 1980ರ ಸುಮಾರಿಗೆ ನ್ಯೂಯಾರ್ಕಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಚಿತ್ರ ಬರೆಯತೊಡಗಿದ. ಜಾಹೀರಾತು ಇಲ್ಲದ ಖಾಲಿ ಜಾಗಕ್ಕೆ ಅಲ್ಲಿ ಕಪ್ಪು ಕಾಗದ ಅಂಟಿಸುತ್ತಿದ್ದರು. ಅದರ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪೊಲೀಸರು ಬರುವುದರೊಳಗೆ ಮುಂದಿನ ನಿಲ್ದಾಣಕ್ಕೆ ಹೋಗಿಬಿಡುತ್ತಿದ್ದ. ಹೆಸರು ಬಂತು, ಗ್ಯಾಲರಿಗಳಲ್ಲಿ ಬೆಲೆ ಏರಿತು, ಜನ ರಾತ್ರಿ ಬಂದು ಆ ಕಪ್ಪು ಕಾಗದಗಳನ್ನು ಕಿತ್ತುಕೊಂಡು ಹೋಗತೊಡಗಿದರು. ಅವನು 1986ರಲ್ಲಿ 'ಪಾಪ್ ಶಾಪ್' ಎಂಬ ಅಂಗಡಿ ತೆರೆದ. ಟೀ ಶರ್ಟು, ಬ್ಯಾಡ್ಜು, ಪೋಸ್ಟರು, ಹತ್ತು ರೂಪಾಯಿಯವನಿಗೂ ಏನಾದರೂ ಸಿಗಬೇಕು ಎನ್ನುವ ಲೆಕ್ಕ. ಕಲೆಯನ್ನು ಕಿರಾಣಿ ಅಂಗಡಿ ಮಾಡಿಬಿಟ್ಟ ಎಂದು ದೊಡ್ಡವರು ಮೂಗು ಮುರಿದರು. ಅವನು 1990ರಲ್ಲಿ, 31ನೇ ವಯಸ್ಸಿಗೇ ಏಡ್ಸ್‌ನಿಂದ ತೀರಿಕೊಂಡ. ಅಂಗಡಿ 2005ರವರೆಗೆ ನಡೆಯಿತು. ನಮ್ಮ ಮಟ್ಟಿಗೆ ಈ ಇಡೀ ವ್ಯವಹಾರದಲ್ಲಿ ಹೇರಿಂಗ್‌ನಷ್ಟು ನೇರ ಮನುಷ್ಯ ಇನ್ನೊಬ್ಬ ಕಾಣಲಿಲ್ಲ.

ಆಮೇಲೆ ಬ್ಯಾಂಕ್ಸಿ. ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯಿಂದ ಹೊರಟವನು, ತನ್ನ ಗುರುತು ತಾನಾಗಿ ಎಲ್ಲೂ ಬಿಟ್ಟುಕೊಡದವನು. ರಟ್ಟು ಕತ್ತರಿಸಿ ಗೋಡೆಗೆ ಹಿಡಿದು ಸ್ಪ್ರೇ ಹೊಡೆಯುವುದು ಅವನ ಕ್ರಮ. ಅವನೂ ಅವನ ಜೊತೆಗಾರರೂ 'ಪಿಕ್ಚರ್ಸ್ ಆನ್ ವಾಲ್ಸ್' ಎಂಬ ಹೆಸರಲ್ಲಿ ಗೋಡೆಯ ಚಿತ್ರಗಳನ್ನೇ ಕಾಗದಕ್ಕಿಳಿಸಿ, ಗ್ಯಾಲರಿಗೆ ಕಾಲಿಡದ ಜನರಿಗೆ ಮಾರುತ್ತಿದ್ದರು. ಬಲೂನು ಕೈಬಿಟ್ಟ ಹುಡುಗಿಯ ಚಿತ್ರ ನೀವು ವಾಟ್ಸಾಪ್ ಡಿಪಿಗಳಲ್ಲೇ ನೋಡಿರುತ್ತೀರಿ. ಅದರ ಪ್ರಿಂಟು 2004ರಲ್ಲಿ ಬಂತು: ಸಹಿ ಇರುವುದು 150, ಸಹಿ ಇಲ್ಲದ್ದು 600. ಆ ದಿನಗಳಲ್ಲಿ ಅವನ ಸಹಿ ಇಲ್ಲದ ಪ್ರಿಂಟುಗಳು ನೂರು ಪೌಂಡಿನೊಳಗೇ ಸಿಗುತ್ತಿದ್ದವು. ವಾರದ ಕೂಲಿಯವನೂ ಮನಸ್ಸು ಮಾಡಿದರೆ ಕೊಳ್ಳಬಹುದಾದ ಬೆಲೆ. ಇವತ್ತು ಸಹಿ ಇರುವ ಪ್ರತಿ ಹರಾಜಿಗೆ ಬಂದರೆ ಲಕ್ಷ ಪೌಂಡಿನ ಮೇಲೆಯೇ ಮಾತು, ನಮ್ಮ ಲೆಕ್ಕದಲ್ಲಿ ಕೋಟಿ.

ನಡುವೆ ಏನಾಯಿತು? ಸಿನಿಮಾ ಟಾಕೀಸಿನ ಮುಂದೆ ಬ್ಲ್ಯಾಕ್ ಟಿಕೆಟ್ ಮಾರುವವರು ನೆನಪಿದ್ದಾರಲ್ಲ, ಅವರೇ ಬಂದರು. ಹೊಸ ಪ್ರಿಂಟು ಬಿಡುಗಡೆಯಾದ ದಿನವೇ ಸಾಲಿನಲ್ಲಿ ನಿಂತು ತೆಗೆದುಕೊಂಡು, ಸಂಜೆಗೇ ಮೂರು ಪಟ್ಟಿಗೆ ಮಾರುವವರು. ಅವರ ಕೈಗೆ ಬಂದ ಕಾಗದ ಗೋಡೆ ಕಾಣುವುದೇ ಇಲ್ಲ, ರಟ್ಟಿನ ಕೊಳವೆಯೊಳಗೆ ಸುತ್ತಿಕೊಂಡು ಒಂದು ಬೀರುವಿನಿಂದ ಇನ್ನೊಂದು ಬೀರುವಿಗೆ ಹೋಗುತ್ತದೆ. 2017ರ ಕೊನೆಯಲ್ಲಿ ಪಿಕ್ಚರ್ಸ್ ಆನ್ ವಾಲ್ಸ್ ಬಾಗಿಲು ಹಾಕಿತು. ನಮ್ಮ ಕಲಾವಿದರು ಗೆದ್ದುಬಿಟ್ಟರು, ಅದೇ ಅನಾಹುತವಾಯಿತು, ನಾವು ಮಾಡಿದ್ದೂ ಕೊಟ್ಟು ತೆಗೆದುಕೊಳ್ಳುವ ಮತ್ತೊಂದು ಸರಕಾಗಿಹೋಯಿತು ಎಂಬ ಅರ್ಥದ ಮಾತು ಹೇಳಿ ಮುಚ್ಚಿದರು. 2019ರಲ್ಲಿ ಬ್ಯಾಂಕ್ಸಿ ಲಂಡನ್ನಿನ ಕ್ರಾಯ್ಡನ್ ಬಡಾವಣೆಯಲ್ಲಿ ಬಾಗಿಲೇ ತೆರೆಯದ ಒಂದು ಅಂಗಡಿ ಅಲಂಕರಿಸಿಟ್ಟು, ಆನ್‌ಲೈನ್‌ನಲ್ಲಿ ಮಾರಿದಾಗ ಒಬ್ಬರಿಗೆ ಒಂದೇ ವಸ್ತು ಎಂದು ಕಟ್ಟುನಿಟ್ಟು ಮಾಡಿದ. ಕಲೆ ಯಾಕೆ ಮುಖ್ಯ ಎಂಬ ಪ್ರಶ್ನೆಗೆ ಉತ್ತರವನ್ನೂ ಬರೆಯಬೇಕಿತ್ತು. ಪಡಿತರ ಚೀಟಿಗೆ ಪರೀಕ್ಷೆ ಇಟ್ಟ ಹಾಗೆ.

ಬೆಲೆ ಯಾವುದಕ್ಕೆ ಎಂಬ ಪ್ರಶ್ನೆಗೆ ಅವನೇ ಮಾಡಿ ತೋರಿಸಿದ ಒಂದು ಪ್ರಯೋಗ ಇದೆ. 2013ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪಕ್ಕ ಒಬ್ಬ ವಯಸ್ಸಾದ ಮನುಷ್ಯ ಸ್ಟಾಲ್ ಹಾಕಿಕೊಂಡು ಕೂತಿದ್ದ. ಬ್ಯಾಂಕ್ಸಿಯ ಅಸಲಿ ಸ್ಪ್ರೇ ಚಿತ್ರಗಳು, ಒಂದಕ್ಕೆ 60 ಡಾಲರ್. ಯಾರದು ಎಂದು ಬೋರ್ಡಿಲ್ಲ. ಮಧ್ಯಾಹ್ನ ಕಳೆಯುವವರೆಗೆ ಬೋಣಿಯೇ ಇಲ್ಲ. ಕೊನೆಗೆ ಒಬ್ಬ ತಾಯಿ ಮಕ್ಕಳಿಗೆಂದು ಎರಡು ಚಿತ್ರವನ್ನು ಚೌಕಾಸಿ ಮಾಡಿ ಅರ್ಧ ಬೆಲೆಗೆ ಒಯ್ದಳು. ಒಬ್ಬ ಹೆಂಗಸು ಎರಡು ಕೊಂಡಳು. ಇನ್ನೊಬ್ಬನಿಗೆ ಹೊಸ ಮನೆಯ ಗೋಡೆ ಖಾಲಿ ಇತ್ತಂತೆ, ನಾಲ್ಕು ಕೊಂಡ. ದಿನದ ವ್ಯಾಪಾರ 420 ಡಾಲರ್. ಅದು ಯಾರ ಸ್ಟಾಲು ಎಂದು ಮಾರನೆಯ ದಿನ ಗೊತ್ತಾದಾಗ ಊರಿಗೆ ಊರೇ ತಲೆ ಚಚ್ಚಿಕೊಂಡಿತು. ಇನ್ನೂ ತಮಾಷೆ ಎಂದರೆ, ವಾರ ಕಳೆಯುವಷ್ಟರಲ್ಲಿ ಬೇರೆ ಯಾರೋ ಅದೇ ಜಾಗದಲ್ಲಿ 'ಇವು ನಕಲಿ' ಎಂದು ಬೋರ್ಡು ಹಾಕಿಕೊಂಡೇ ಅದೇ ಚಿತ್ರಗಳ ನಕಲು ಇಟ್ಟರು, ಎಲ್ಲವೂ ಮಾರಿಹೋದವು.

ಆ ಮೂವರು ಗಿರಾಕಿಗಳ ಬಗ್ಗೆ ನಮಗೆ ವಿಶೇಷ ಗೌರವ. ಅವರು ಕೊಂಡದ್ದು ಚಿತ್ರವನ್ನು.

ಉಳಿದದ್ದನ್ನು ಪೇಪರಿನಲ್ಲಿ ಓದಿರುತ್ತೀರಿ. 2018ರ ಅಕ್ಟೋಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಬಲೂನು ಹುಡುಗಿಯ ಕ್ಯಾನ್ವಾಸು ಸುಮಾರು 10 ಲಕ್ಷ ಪೌಂಡಿಗೆ ಹೋದ ಕ್ಷಣವೇ ಫ್ರೇಮಿನೊಳಗೆ ಅಡಗಿಸಿಟ್ಟ ಯಂತ್ರ ಅದನ್ನು ಅರ್ಧ ಸೀಳಿಹಾಕಿತು. ಹರಾಜಿನವರಿಗೆ ಬುದ್ಧಿ ಕಲಿಸಲು ಮಾಡಿದ್ದು. ಮೂರು ವರ್ಷದ ನಂತರ ಆ ಹರಿದ ಚಿತ್ರ 1.85 ಕೋಟಿ ಪೌಂಡಿಗೆ ಹೋಯಿತು, ಸುಮಾರು 190 ಕೋಟಿ ರೂಪಾಯಿ. ಕೊಳ್ಳುವ ದಡ್ಡರನ್ನೇ ಬೈದು ಅವನು ಮಾಡಿದ ಇನ್ನೊಂದು ಪ್ರಿಂಟಿದೆ, ಹೆಸರೇ 'ಮೋರಾನ್ಸ್', ದಡ್ಡರು ಅಂತ. ಅದರ ಒಂದು ಪ್ರತಿಯನ್ನು ಒಂದು ಕ್ರಿಪ್ಟೊ ಕಂಪನಿ 2021ರಲ್ಲಿ 95 ಸಾವಿರ ಡಾಲರಿಗೆ ಕೊಂಡು, ಕ್ಯಾಮೆರಾ ಮುಂದೆ ಬೆಂಕಿ ಹಚ್ಚಿ ಸುಟ್ಟು, ಅದರ ಡಿಜಿಟಲ್ ಟೋಕನ್ನನ್ನು ಮೂರು ಲಕ್ಷ ಎಂಬತ್ತು ಸಾವಿರ ಡಾಲರಿನ ಆಸುಪಾಸಿಗೆ ಮಾರಿತು. ಬೈಸಿಕೊಂಡು ನಾಲ್ಕು ಪಟ್ಟು ದುಡ್ಡು. ಹೊಟ್ಟೆಪಾಡಿಗೆ ದುಡಿಯುವವನು ಇದನ್ನು ಓದಿ ಏನು ಹೇಳಬೇಕು?

ಆದರೆ ಇಷ್ಟೆಲ್ಲ ಹುಚ್ಚಾಟದ ನಡುವೆಯೂ ಆ ಸಂತೆ ಒಂದು ನೆಲದ ಮೇಲೆ ನಿಂತಿದೆ. ಬ್ಯಾಂಕ್ಸಿಯ ಪ್ರಿಂಟು ಅಸಲಿಯೋ ನಕಲಿಯೋ ಹೇಳಲು 2008ರಿಂದ 'ಪೆಸ್ಟ್ ಕಂಟ್ರೋಲ್' ಎಂಬ ಅವನದೇ ಕಚೇರಿ ಇದೆ. ಹೆಸರಿನ ಅರ್ಥ ಕ್ರಿಮಿ, ಹೆಗ್ಗಣಗಳ ನಿಯಂತ್ರಣ. ಅವರು ಕೊಡುವ ಸರ್ಟಿಫಿಕೇಟಿಗೆ ಒಂದು ಖೋಟಾ ನೋಟಿನ ಅರ್ಧ ತುಂಡು ಪಿನ್ ಹೊಡೆದಿರುತ್ತದೆ. ಬ್ಯಾಂಕ್ಸಿಯೇ ಹಿಂದೆ ತಮಾಷೆಗೆ ಅಚ್ಚು ಹಾಕಿದ್ದ, ರಾಣಿಯ ಜಾಗದಲ್ಲಿ ಡಯಾನಾ ಮುಖ ಇರುವ 10 ಪೌಂಡಿನ ನೋಟು. ಅದರ ಮೇಲೆ ಕೈಬರಹದ ನಂಬರು. ಇನ್ನರ್ಧ ತುಂಡು ಅವರ ಹತ್ತಿರ. ಅನುಮಾನ ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು. ಆ ಕಚೇರಿ ಇಲ್ಲ ಎಂದರೆ ಹರಾಜು ಕಂಪನಿಗಳು ಆ ಕಾಗದ ಮುಟ್ಟುವುದಿಲ್ಲ, ಎಷ್ಟೇ ಚಂದದ ನಂಬರಿರಲಿ.

ನಮ್ಮ 786 ನೋಟಿನ ಕಥೆಗೂ ಇದಕ್ಕೂ ವ್ಯತ್ಯಾಸ ಇಲ್ಲೇ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟನ್ನು ಸರ್ಕಾರ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದೆ, ಇಷ್ಟಕ್ಕೇ ನಿಲ್ಲಿಸುತ್ತೇವೆ ಎಂದು ಯಾರೂ ಯಾರಿಗೂ ಮಾತು ಕೊಟ್ಟಿಲ್ಲ. ಕೊಳ್ಳುತ್ತೇನೆ ಎನ್ನುವವನ ಮುಖ ಕಾಣುವುದಿಲ್ಲ, ಊರು ಗೊತ್ತಿಲ್ಲ, ಮಾರುವವನ ಕೈಯಿಂದಲೇ ಮುಂಗಡ ಕೇಳುತ್ತಾನೆ. ಯಾವ ಹರಾಜಿನಲ್ಲೂ ವಸ್ತು ತಂದವನು ಫೋನ್‌ಪೇ ಮಾಡಿ ಗಿರಾಕಿಗೆ ದುಡ್ಡು ಕೊಟ್ಟ ಉದಾಹರಣೆ ಇಲ್ಲ ಸ್ವಾಮಿ. ಕಾರು, ಬೈಕು, ಶೂ, ಮೊಬೈಲು ಎಲ್ಲದಕ್ಕೂ ಈಗ 'ಲಿಮಿಟೆಡ್ ಎಡಿಷನ್' ಎಂದು ಅಂಟಿಸುತ್ತಾರಲ್ಲ, ಅಲ್ಲಿಯೂ ಒಂದೇ ಪ್ರಶ್ನೆ ಕೇಳಿ ನೋಡಿ: ಎಷ್ಟಕ್ಕೆ ಲಿಮಿಟು? ಸಂಖ್ಯೆ ಹೇಳದಿದ್ದರೆ ಅದು ಬಣ್ಣದ ಸ್ಟಿಕ್ಕರು ಅಷ್ಟೇ.

ಮಿತಿಯೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಹೆಸರಿಲ್ಲದ ಕಲಾವಿದನೊಬ್ಬ ನೂರು ಪ್ರತಿ ಹಾಕಿ, ನಂಬರು ಬರೆದು, ಒಂದಕ್ಕೆ ಸಾವಿರ ರೂಪಾಯಿಗೆ ಮಾರಿದರೆ ಅವನ ವರ್ಷದ ಬಣ್ಣದ ಖರ್ಚು ಹುಟ್ಟುತ್ತದೆ. ಚಿತ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟು ನಂಬರನ್ನು ಮಾತ್ರ ಕೆಲವರಿಗೆ ಮಾರುವ ದಾರಿಯೂ ಇದೆ. ಶೆಪರ್ಡ್ ಫೇರಿ ಎಂಬುವನು 2008ರಲ್ಲಿ ಒಬಾಮ ಮುಖ ಬರೆದು ಕೆಳಗೆ 'ಹೋಪ್' ಎಂದು ಹಾಕಿದ ಪೋಸ್ಟರು ಅಮೆರಿಕದ ಗೋಡೆ ಗೋಡೆಗೂ ಲಕ್ಷಗಟ್ಟಲೆ ಅಂಟಿತು, ಇಂಟರ್ನೆಟ್ಟಿನಲ್ಲಿ ಬಿಟ್ಟಿ ಓಡಾಡಿತು. ಅವನ ಸಹಿ ಇರುವ ಮೊದಲ ಪ್ರಿಂಟುಗಳಿಗೆ ಅದರಿಂದ ಬೆಲೆಯೇನೂ ಇಳಿಯಲಿಲ್ಲ, ಏರಿತು.

ನಮ್ಮ ಕಡೆಯ ಬೀದಿ ಕಲೆ ಎಂದರೆ ಮೈಸೂರಿನ ಬಾದಲ್ ನಂಜುಂಡಸ್ವಾಮಿ ಅವರ ಹೆಸರೇ ಮೊದಲು ಬರುತ್ತದೆ. 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯೊಂದರ ನೀರಿಗೆ ಮೊಸಳೆ ಬಿಟ್ಟರು, 2019ರಲ್ಲಿ ಗುಂಡಿ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರನ್ನು ನಡೆಸಿ ಚಂದ್ರನ ವಿಡಿಯೊ ಮಾಡಿದರು. ಆ ಮೊಸಳೆಗೆ ಎಡಿಷನ್ ಇಲ್ಲ, ಸರ್ಟಿಫಿಕೇಟಿಲ್ಲ. ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು. ಅದಕ್ಕೂ ಹಿಂದಿನ ನಮ್ಮ ಮನೆಗಳ ಪ್ರಿಂಟು ಎಂದರೆ ರವಿವರ್ಮನ ಲಕ್ಷ್ಮಿ, ಸರಸ್ವತಿ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದಾಗ ರವಿವರ್ಮನ ಆಸೆ ಎಷ್ಟು ಮನೆಗೆ ಸಾಧ್ಯವೋ ಅಷ್ಟು ಮನೆಗೆ ಮುಟ್ಟಿಸುವುದು. ಎಣಿಸಿ ನಿಲ್ಲಿಸುವ ಯೋಚನೆಯೇ ಇರಲಿಲ್ಲ. ಹೊಗೆ ಹಿಡಿದು, ಗೆದ್ದಲು ತಿಂದು, ಮನೆ ರಿಪೇರಿಯಲ್ಲಿ ಗುಜರಿಗೆ ಹೋಗಿ ಈಗ ಹಳೆಯ ಅಚ್ಚು ಕಡಿಮೆಯಾಗಿವೆ, ಆದ್ದರಿಂದ ನಗರದವರು ಹುಡುಕುತ್ತಾರೆ. ಅಜ್ಜಿಯ ದೇವರ ಕೋಣೆಯಲ್ಲಿ ಅಂಥದ್ದು ಇದ್ದರೆ ಫೋಟೊ ತೆಗೆದು ಯಾರಿಗೋ ಕಳಿಸುವ ಮೊದಲು ಪ್ರೆಸ್ಸಿನ ಹೆಸರು ಅಂಚಿನಲ್ಲಿದೆಯಾ ನೋಡಿ. ಮನೆಗೆ ಬಂದು ಐನೂರು ರೂಪಾಯಿಗೆ ಕೇಳುವವನು ಸುಮ್ಮನೆ ಕೇಳುತ್ತಿರುವುದಿಲ್ಲ.

ಇನ್ನೊಂದು ಮಾತು, ನಮ್ಮದೇ ಸ್ವಾರ್ಥದ್ದು. ತಾಲ್ಲೂಕಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳ ಅಟ್ಟದ ಮೇಲೆ ಹಳೇ ಫ್ರೇಮುಗಳು ಧೂಳು ತಿನ್ನುತ್ತಿವೆ. ಚಿತ್ರಕಲೆ ಕಲಿತು ಊರಿಗೆ ಬಂದು ಗಣೇಶನಿಗೆ ಬಣ್ಣ ಹೊಡೆದುಕೊಂಡು ಇರುವ ಹುಡುಗರು ಹುಡುಗಿಯರು ಎಲ್ಲ ಊರಲ್ಲೂ ಇದ್ದಾರೆ. ಇಬ್ಬರೂ ಒಂದು ಭಾನುವಾರ ಸೇರಿ ನಮ್ಮ ಜಾತ್ರೆಯದೋ, ಸಂತೆಯದೋ, ಬಸ್‌ಸ್ಟ್ಯಾಂಡಿನದೋ ಒಂದು ಚಿತ್ರವನ್ನು ಎರಡು ಬಣ್ಣದಲ್ಲಿ 50 ಪ್ರತಿ ಹಾಕಲಿ. ಪೆನ್ಸಿಲ್ಲಿನಲ್ಲಿ ನಂಬರು ಬರೆಯಲಿ, 51ನೆಯದು ಹಾಕದಿರಲಿ. ಇನ್ನೂರು ರೂಪಾಯಿ ಇಟ್ಟರೂ ಅಸಲು ಹುಟ್ಟುತ್ತದೆ ಎಂದು ಅಂಗಡಿಯವರೇ ನಮಗೆ ಲೆಕ್ಕ ಹಾಕಿ ತೋರಿಸಿದರು. ಯಾರಾದರೂ ಮಾಡಿದರೆ ನಮಗೆ ತಿಳಿಸಿ, ಸುದ್ದಿಯನ್ನೂ ಮಾಡುತ್ತೇವೆ, ಒಂದು ಪ್ರತಿಯನ್ನೂ ಕೊಳ್ಳುತ್ತೇವೆ. ಎಷ್ಟನೇ ನಂಬರು ಕೊಟ್ಟರೂ ಪರವಾಗಿಲ್ಲ.